ಎರಡು ಗಾಲಿ, ಎರಡು ಕೋನ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅವನ ತಂದೆಯವರು ಬಹುಕಾಲ ಓಡಿಸಿದ್ದ ಟಾಟಾ–ಮರ್ಸಿಡಿಸ್ ಬೆಂಜ್ ಲಾರಿಯು ಹಿತ್ತಿಲಿನಲ್ಲಿ ಮುಂಗಾಲಿಗಳನ್ನು ಕಳಚಿಕೊಂಡು ದಪ್ಪ ದಿಮ್ಮಿಗಳ ಮೇಲೆ ನಿಂತಿತ್ತು. ಸ್ಪ್ರಿಂಗ್ ಪಟ್ಟಿಗಳು, ಕಿಂಗ್‌ಪಿನ್‌ಗಳು, ಸವೆದ ಬುಶ್‌ಗಳು ಗೋಣಿಯ ಮೇಲೆ ಸಾಲಾಗಿದ್ದವು. ತಂದೆಯ ನೆನಪಿಗಾಗಿ ಅದನ್ನು ತಾನೇ ಸರಿಪಡಿಸಿ ಓಡಿಸಬೇಕೆಂಬುದು ಅವನ ಹಂಬಲ.

ಅವನು ಒಂದು ಭಾಗವನ್ನು ತೋರಿಸಿದ. "ಸಾರ್, ಗಾಲಿಯನ್ನು ತಿರುಗಿಸುವ ಈ ತೋಳು ಒಳಗಡೆಗೆ ಬಾಗಿದೆ. ಎಲ್ಲೋ ಗುದ್ದಿರಬೇಕು. ನಾಳೆ ಕುಲುಮೆಗೆ ಒಯ್ದು ನೆಟ್ಟಗೆ ಮಾಡಿಸುತ್ತೇನೆ" ಎಂದ.

"ಆ ಕಡೆಯದು ಹೇಗಿದೆಯಪ್ಪ?" ಎಂದು ಕೇಳಿದೆ. ಅದೂ ಅಷ್ಟೇ ಬಾಗಿತ್ತು. ಅಪಘಾತವು ಎರಡೂ ಕಡೆಗೆ ಅಳತೆಯಿಟ್ಟು ಪೆಟ್ಟು ಕೊಡುವುದಿಲ್ಲ. ತೋಳುಗಳನ್ನು ಮತ್ತೆ ಅವುಗಳ ಸ್ಥಾನದಲ್ಲಿಟ್ಟು, ಕಿಂಗ್‌ಪಿನ್ನಿನಿಂದ ತೋಳಿನ ತುದಿಯ ಮೇಲೆ ಹಾಯುವಂತೆ ಎರಡು ನೂಲುಗಳನ್ನು ಹಿಂದಕ್ಕೆ ಎಳೆಸಿದೆ. ಅವು ಹಿಂದಿನ ಅಚ್ಚಿನ ನಡುಭಾಗದ ಸಮೀಪದಲ್ಲಿ ಕೂಡಿದವು. ಅವನು ದೋಷವೆಂದು ಬಗೆದದ್ದು ಇನ್ನೂರು ವರ್ಷಗಳ ಹಿಂದಿನ ಒಂದು ಜಾಣ್ಮೆಯಾಗಿತ್ತು.

ನಮ್ಮ ತೇರನ್ನು ತಿರುಗಿಸಲು ಗಾಲಿಗೆ ಸನ್ನೆಗೋಲು, ಮರದ ದಿಮ್ಮಿಗಳನ್ನು ಕೊಡಬೇಕಾಗುತ್ತದೆ. ಯುರೋಪಿನ ನಾಲ್ಕು ಗಾಲಿಯ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಒಂದೇ ಮೊಳೆಯ ಸುತ್ತ ತಿರುಗುತ್ತಿತ್ತು. ತಿರುವು ಹೆಚ್ಚಾದಂತೆ ಗಾಡಿಗೆ ಆಧಾರವು ಕಿರಿದಾಗಿ ಮಗುಚುವ ಭಯವಿತ್ತು. ಚಾರ್ಲ್ಸ್ ಡಾರ್ವಿನ್ನನ ಅಜ್ಜ, ವೈದ್ಯ ಎರಾಸ್ಮಸ್ ಡಾರ್ವಿನ್ನನು ರೋಗಿಗಳನ್ನು ನೋಡಲು ಸದಾ ಗಾಡಿಯಲ್ಲಿ ಅಲೆಯುತ್ತಿದ್ದವನು. ಅಚ್ಚು ಕದಲದೆ ಗಾಲಿಗಳು ಮಾತ್ರ ತಿರುಗುವ ಏರ್ಪಾಟನ್ನು ಅವನು ಹದಿನೆಂಟನೆಯ ಶತಮಾನದ ನಡುವಿನಲ್ಲೇ ಯೋಚಿಸಿದ್ದನು. ಪೇಟೆಂಟ್ ಮಾತ್ರ ಪಡೆಯಲಿಲ್ಲ. 1768ರಲ್ಲಿ ಗಾಡಿಯ ಅಪಘಾತದಲ್ಲಿಯೇ ಅವನ ಮಂಡಿಚಿಪ್ಪು ಮುರಿಯಿತು.

ಮ್ಯೂನಿಕ್ಕಿನ ಗಾಡಿ ತಯಾರಕ ಗೇಯೊರ್ಗ್ ಲಾಂಕೆನ್‌ಸ್ಪೆರ್ಗರ್ ಇದೇ ವಿಚಾರವನ್ನು ಮತ್ತೆ ಕಂಡುಕೊಂಡನು. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ಚಿತ್ರಪ್ರಕಾಶಕನಾಗಿದ್ದ ರುಡಾಲ್ಫ್ ಆಕರ್‌ಮನ್. ಲೋಕವು ಇಂದಿಗೂ ಅದನ್ನು ಆಕರ್‌ಮನ್ ಜ್ಯಾಮಿತಿ ಎಂದೇ ಕರೆಯುತ್ತದೆ. ದುಡಿದವನ ಹೆಸರು ಮರೆಯಾಗಿ, ಅರ್ಜಿ ಹಾಕಿದವನ ಹೆಸರು ಉಳಿಯಿತು.

ಅದರ ತತ್ತ್ವ ಸರಳವಾದದ್ದು. ಬಂಡಿ ತಿರುಗುವಾಗ ಒಳಗಡೆಯ ಗಾಲಿ ಚಿಕ್ಕ ವೃತ್ತವನ್ನೂ ಹೊರಗಡೆಯದು ದೊಡ್ಡ ವೃತ್ತವನ್ನೂ ಬರೆಯುತ್ತದೆ. ಎರಡಕ್ಕೂ ಕೇಂದ್ರ ಒಂದೇ. ಅದು ಹಿಂದಿನ ಅಚ್ಚಿನ ನೇರದಲ್ಲಿರಬೇಕು. ಆದ್ದರಿಂದ ಎರಡು ಗಾಲಿಗಳೂ ಒಂದೇ ಕೋನದಲ್ಲಿ ತಿರುಗಲಾಗದು. ಹೊರಗಾಲಿಯ ಕೋನದ ಕೋಟ್ಯಾಂಜೆಂಟಿನಿಂದ ಒಳಗಾಲಿಯದನ್ನು ಕಳೆದರೆ ಬರುವ ಬೆಲೆಯು, ಕಿಂಗ್‌ಪಿನ್‌ಗಳ ನಡುವಣ ಅಂತರವನ್ನು ಅಚ್ಚುಗಳ ನಡುವಣ ಅಂತರದಿಂದ ಭಾಗಿಸಿದ್ದಕ್ಕೆ ಸಮ. ಉದಾಹರಣೆಗೆ ಆ ಅಂತರಗಳು 1.6 ಮತ್ತು 4 ಮೀಟರ್ ಎಂದಿಟ್ಟುಕೊಳ್ಳಿ. ಒಳಗಾಲಿ 30 ಡಿಗ್ರಿ ತಿರುಗಿದರೆ ಹೊರಗಾಲಿ ಸುಮಾರು 25 ಡಿಗ್ರಿ ಮಾತ್ರ ತಿರುಗಬೇಕು. ಈ ಐದು ಡಿಗ್ರಿಗಳ ವ್ಯತ್ಯಾಸವನ್ನು, ಪೂರ್ತಿ ನಿಖರವಾಗಿ ಅಲ್ಲದಿದ್ದರೂ ಬಹುಮಟ್ಟಿಗೆ, ಒದಗಿಸುವುದು ಆ ತೋಳುಗಳ ಬಾಗುವಿಕೆಯೇ. ಅದನ್ನು ನೆಟ್ಟಗೆ ಮಾಡಿದ್ದರೆ ತಿರುವಿನಲ್ಲಿ ಟೈರುಗಳು ಉಜ್ಜಿಕೊಂಡು ಸವೆಯುತ್ತಿದ್ದವು. ಅದಕ್ಕಿಂತ ಮಿಗಿಲಾದ ಕೇಡೆಂದರೆ, ಹದಗೊಳಿಸಿದ ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿದರೆ ಅದರ ಬಲ ಕುಂದುತ್ತದೆ. ಅಂಥ ತೋಳು ರಸ್ತೆಯ ಮೇಲೆ ಮುರಿದರೆ ಚಾಲಕನ ಕೈಯಲ್ಲಿ ಚಕ್ರವಿದ್ದರೂ ಲಾರಿ ಅವನ ಮಾತು ಕೇಳದು.

ಉಪಾಯ ಹಳೆಯದಾದರೂ ಮೋಟಾರು ಬಂಡಿಗೆ ಅದು ಬೇಗ ಬರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೊದಲ ವಾಹನಕ್ಕೆ ಮೂರೇ ಗಾಲಿಗಳನ್ನಿಟ್ಟನು. ತಿರುಗಿಸುವ ಸಮಸ್ಯೆಗೆ ಅವನು ತನ್ನದೇ ಪರಿಹಾರವನ್ನು ಕಂಡುಕೊಂಡು ಪೇಟೆಂಟ್ ಪಡೆದದ್ದು 1893ರಲ್ಲಿ. ಗಾಡಿಗಳಿಗೆ ಬಿಲ್ಲಿನಂಥ ಸ್ಪ್ರಿಂಗ್ ಪಟ್ಟಿಗಳನ್ನು ಅಳವಡಿಸುವ ಒಬಡಾಯ ಎಲಿಯಟ್ಟನ ಪೇಟೆಂಟ್ 1804ರದು. ಇಂಥ ಪಟ್ಟಿಗಳು, ಗಟ್ಟಿ ಅಚ್ಚು, ಕಿಂಗ್‌ಪಿನ್ನು ಇವೆಲ್ಲ ಸೇರಿದ ಲಾರಿ 1954ರಲ್ಲಿ, ಟೆಲ್ಕೊ ಮತ್ತು ಡೈಮ್ಲರ್-ಬೆಂಜ್ ಒಪ್ಪಂದದ ಫಲವಾಗಿ, ಜಮ್ಶೆಡ್‌ಪುರದಿಂದ ಹೊರಬಂದಿತು. ಆ ಸಹಯೋಗವು 1969ರಲ್ಲಿ ಮುಗಿಯಿತು. ಬಾನೆಟ್ಟಿನ ಮೇಲಿನ ನಕ್ಷತ್ರವು ಮರೆಯಾದರೂ ಲಾರಿಗಳು ಓಡುತ್ತಲೇ ಇದ್ದವು.

ಮುಂದಿನ ಭಾನುವಾರ ಅನುಭವಿಯಾದ ಮೇಸ್ತ್ರಿಯೊಬ್ಬರು ಬಂದರು. ಹೊಸ ಬುಶ್‌ಗಳನ್ನು ಕೂರಿಸಿ, ಮೇಲಿನ ಮತ್ತು ಕೆಳಗಿನ ರಂಧ್ರಗಳು ಒಂದೇ ನೇರಕ್ಕೆ ಬರುವಂತೆ ಉದ್ದನೆಯ ರೀಮರ್ ಹಾಯಿಸಿದರು. ಗ್ರೀಸಿನ ತೂತುಗಳು ಸರಿಹೊಂದಿವೆಯೇ ಎಂದು ಪಿನ್ನು ಹಾಕುವ ಮೊದಲೇ ಪರೀಕ್ಷಿಸಿದರು. ಗ್ರೀಸ್ ಕಾಣದೆ ಸವೆದ ಹಳೆಯ ಪಿನ್ನನ್ನು ಕೈಗೆ ಕೊಟ್ಟರು. ಬೆರಳಿಗೆ ಮೆಟ್ಟಿಲಿನಂತೆ ಸಿಕ್ಕಿತು. ತೋಳುಗಳನ್ನು ಮುಟ್ಟಲಿಲ್ಲ.

ಹೊರಡುವಾಗ ವಿದ್ಯಾರ್ಥಿ, "ಸಾರ್, ಈ ಕೋಟ್ಯಾಂಜೆಂಟ್ ಯಾತಕ್ಕೆ ಎಂದು ಅಂದೇ ಕೇಳಿದ್ದೆ. ಪರೀಕ್ಷೆಗೆ ಬರುತ್ತದೆ ಎಂದಿದ್ದಿರಿ" ಎಂದು ನಕ್ಕ. ನಾನೂ ನಕ್ಕೆ, ಆದರೆ ಮನಸ್ಸಿಗೆ ತುಸು ನಾಚಿಕೆಯಾಯಿತು. ಅಂದು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ನಿಮ್ಮೆಲ್ಲರಿಗೂ ಇಲ್ಲಿ ಬರೆದಿಟ್ಟಿದ್ದೇನೆ.