ಕ್ಷುದ್ರಗ್ರಹಗಳ ಗ್ರಹಚಾರ

‘ಗ್ರಹಚಾರ’ ಎಂಬುದು ನಮ್ಮ ಬಾಯಲ್ಲಿ ಕೇಡಿನ ಮಾತಾಗಿಬಿಟ್ಟಿದೆ. ಕೆಲಸ ಕೆಟ್ಟರೆ ಗ್ರಹಚಾರ, ಬಸ್ಸು ತಪ್ಪಿದರೆ ಗ್ರಹಚಾರ. ಆದರೆ ಆ ಶಬ್ದದ ಮೂಲಾರ್ಥ ಗ್ರಹಗಳ ಸಂಚಾರ, ಅಷ್ಟೆ. ಯಾವ ಗ್ರಹ ಯಾವ ದಿನ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿಡುವ ಪಂಚಾಂಗದ ಮಾತು ಅದು. ಆಕಾಶದಲ್ಲಿ ಒಂದು ಜಾತಿಯ ಗ್ರಹಗಳಿವೆ. ಅವುಗಳ ವಿಷಯದಲ್ಲಿ ಮಾತ್ರ ಈ ಎರಡು ಅರ್ಥಗಳೂ ಒಂದಾಗುತ್ತವೆ. ಅವುಗಳ ಸಂಚಾರದ ಲೆಕ್ಕ ತಪ್ಪಿದರೆ ನಮಗೆ ನಿಜವಾಗಿಯೂ ಗ್ರಹಚಾರ ಕಾದಿರಬಹುದು. ಅವೇ ಭೂಮಿಯ ಹಾದಿಯ ಸಮೀಪ ಸುಳಿದಾಡುವ ಕ್ಷುದ್ರಗ್ರಹಗಳು. ಅವನ್ನು ಕಂಡುಹಿಡಿದವರ ಕಥೆ ಎಲ್ಲರಿಗೂ ಗೊತ್ತಿರುವಂಥದು. ಕಂಡದ್ದನ್ನು ಕಳೆದುಕೊಂಡವರ ಕಥೆ ಅಷ್ಟು ಪ್ರಸಿದ್ಧವಲ್ಲ. ಆದರೆ ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಕಳೆದುಕೊಂಡದ್ದನ್ನು ಹುಡುಕುತ್ತಲೇ.

ಮೊದಲನೆಯ ಕ್ಷುದ್ರಗ್ರಹವೇ ಸಿಕ್ಕಿದ ಆರು ವಾರಗಳೊಳಗೆ ಕಳೆದುಹೋಯಿತು. 1801ರ ಜನವರಿ 1ರ ರಾತ್ರಿ ಸಿಸಿಲಿ ದ್ವೀಪದ ಪಲೆರ್ಮೋ ನಗರದಲ್ಲಿ ಪಿಯಾಟ್ಸಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿಯನ್ನು ತಯಾರಿಸುತ್ತಿದ್ದನು. ಅಲ್ಲಿ ಕಂಡ ಒಂದು ಚುಕ್ಕೆ ಮರುರಾತ್ರಿ ಸ್ವಲ್ಪ ಸರಿದಿತ್ತು. ಮಂಗಳ, ಗುರು ಗ್ರಹಗಳ ನಡುವಿನ ವಿಶಾಲವಾದ ಬಯಲಿನಲ್ಲಿ ಒಂದು ಗ್ರಹ ಇರಲೇಬೇಕೆಂದು ಯೂರೋಪಿನ ಪಂಡಿತರು ಆಗಲೇ ಹುಡುಕಾಟಕ್ಕೆ ಇಳಿದಿದ್ದರು. ಅದು ಸಿಕ್ಕಿದ್ದು ಹುಡುಕದೆ ಇದ್ದವನಿಗೆ. ಫೆಬ್ರವರಿ 11ರ ವರೆಗೆ ಪಿಯಾಟ್ಸಿ ಅದನ್ನು ಹಿಂಬಾಲಿಸಿದನು. ಆಮೇಲೆ ಅವನಿಗೆ ಕಾಯಿಲೆಯಾಯಿತು, ಗ್ರಹ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಸೂರ್ಯನ ಆ ಕಡೆಯಿಂದ ಹೊರಬಂದಾಗ ಅದನ್ನು ಎಲ್ಲಿ ನೋಡಬೇಕೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ಕಷ್ಟವೇನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬೀದಿಯ ತಿರುವಿನಲ್ಲಿ ಒಬ್ಬ ಸೈಕಲ್ ಸವಾರ ಕ್ಷಣಮಾತ್ರ ಕಂಡು ಮರೆಯಾದನೆನ್ನಿ. ಅವನು ಮಲ್ಲೇಶ್ವರಕ್ಕೆ ಹೋದನೋ ಬಸವನಗುಡಿಗೆ ಹೋದನೋ ಹೇಳುವುದು ಹೇಗೆ? ನೂರು ಗಜ ಅವನನ್ನು ನೋಡಿದ್ದರೆ ಸ್ವಲ್ಪ ಊಹಿಸಬಹುದು. ಒಂದು ಮೈಲಿ ನೋಡಿದ್ದರೆ ಇನ್ನೂ ಖಚಿತವಾಗಿ ಹೇಳಬಹುದು. ಗ್ರಹಗಳ ವಿಷಯವೂ ಹಾಗೆಯೇ. ಕಕ್ಷೆಯ ಎಷ್ಟು ಭಾಗವನ್ನು ಕಂಡಿದ್ದೇವೆಯೋ ಮುಂದಿನ ದಾರಿಯ ಲೆಕ್ಕ ಅಷ್ಟೇ ಗಟ್ಟಿ. ಪಿಯಾಟ್ಸಿ ಕಂಡಿದ್ದು ನಲವತ್ತೊಂದು ದಿನಗಳ ಅತಿ ಸಣ್ಣ ತುಣುಕು. ಆ ತುಣುಕಿನಿಂದ ಇಡೀ ಕಕ್ಷೆಯನ್ನು ಕಟ್ಟುವ ಹೊಸ ಗಣಿತವನ್ನು ಜರ್ಮನಿಯ ಗೌಸ್ ರಚಿಸಿದನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅವನು ಹೇಳಿದ ಜಾಗದ ಸಮೀಪದಲ್ಲಿಯೇ ಡಿಸೆಂಬರ್ 31ರ ರಾತ್ರಿ ಝಾಕ್, ಮರುರಾತ್ರಿ ಓಲ್ಬರ್ಸ್ ಆ ಗ್ರಹವನ್ನು ಮತ್ತೆ ಕಂಡರು. ಅದೇ ಸೀರಿಸ್. ಕಳೆದ ಗ್ರಹವನ್ನು ದೂರದರ್ಶಕಕ್ಕಿಂತ ಮೊದಲು ಕಾಗದ ಮತ್ತು ಲೇಖನಿ ಹುಡುಕಿಕೊಟ್ಟಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಕ್ಷುದ್ರಗ್ರಹಗಳು ಸಾಲಾಗಿ ಸಿಕ್ಕತೊಡಗಿದವು. ನಮ್ಮ ದಕ್ಷಿಣದೇಶಕ್ಕೂ ಅದರಲ್ಲಿ ಒಂದು ಪಾಲಿದೆ. 1861ರ ಏಪ್ರಿಲ್ 17ರಂದು ಮದರಾಸಿನ ವೇಧಶಾಲೆಯಲ್ಲಿ ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದನು. ಈ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. 1891ರಲ್ಲಿ ಹೈಡೆಲ್‌ಬರ್ಗಿನ ಮ್ಯಾಕ್ಸ್ ವುಲ್ಫ್ ಛಾಯಾಚಿತ್ರದ ಗಾಜುಫಲಕವನ್ನು ಬಳಕೆಗೆ ತಂದ ಮೇಲಂತೂ ಕೆಲಸ ಸುಲಭವಾಯಿತು. ದೂರದರ್ಶಕ ನಕ್ಷತ್ರಗಳ ಜತೆಗೆ ನಿಧಾನವಾಗಿ ತಿರುಗುತ್ತಿದ್ದರೆ ನಕ್ಷತ್ರಗಳು ಚುಕ್ಕೆಗಳಾಗಿ ಮೂಡುತ್ತವೆ. ನಡುವೆ ಓಡುವ ಕ್ಷುದ್ರಗ್ರಹ ಮಾತ್ರ ಗೆರೆ ಎಳೆದು ತನ್ನನ್ನು ತಾನೇ ಹಿಡಿದುಕೊಡುತ್ತದೆ. ಗ್ರಹಗಳು ಹೀಗೆ ಬಂದು ಬೀಳತೊಡಗಿದಾಗ ಖಗೋಳಜ್ಞರಲ್ಲಿ ಅನೇಕರಿಗೆ ಬೇಸರವೇ ಹುಟ್ಟಿತು. ಎಲ್ಲವೂ ಮಂಗಳನ ಆಚೆಗೆ ತಮ್ಮಷ್ಟಕ್ಕೆ ಸುತ್ತುವ ಬಡಪಾಯಿಗಳು. ಇವುಗಳ ಲೆಕ್ಕ ಬರೆದು ಆಗಬೇಕಾದ್ದೇನು ಎಂಬ ಭಾವನೆ.

ಆ ಉದಾಸೀನಕ್ಕೆ ಮೊದಲ ಪೆಟ್ಟು ಬಿದ್ದಿದ್ದು 1898ರ ಆಗಸ್ಟ್ 13ರಂದು. ಬರ್ಲಿನಿನ ವಿಟ್ ಎಂಬಾತನ ಫಲಕದಲ್ಲಿ ಅಸಾಧಾರಣವಾಗಿ ಉದ್ದವಾದ ಗೆರೆಯೊಂದು ಮೂಡಿತ್ತು. ಅದು ಈರೋಸ್, ಮಂಗಳನ ಕಕ್ಷೆಯನ್ನು ದಾಟಿ ಒಳಕ್ಕೆ ಬಂದು ಭೂಮಿಗೆ ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ ಕಿಲೋಮೀಟರುಗಳಷ್ಟು ಸಮೀಪಿಸಬಲ್ಲದು. ಆದರೂ ಯಾರೂ ಭಯಪಡಲಿಲ್ಲ. ಬದಲಾಗಿ ಅದನ್ನು ಅಳತೆಗೋಲು ಮಾಡಿಕೊಂಡು ಸೂರ್ಯನ ದೂರವನ್ನು ಹೆಚ್ಚು ನಿಖರವಾಗಿ ಅಳೆದರು. 1932ರಲ್ಲಿ ಹೈಡೆಲ್‌ಬರ್ಗಿನ ರೈನ್‌ಮುತ್ ಕಂಡುಹಿಡಿದ ಅಪೋಲೊ ಭೂಮಿಯ ಕಕ್ಷೆಯನ್ನೇ ದಾಟುವಂಥದು. ಅದೂ ಕಳೆದುಹೋಗಿ ಮತ್ತೆ ಸಿಕ್ಕಿದ್ದು 1973ರಲ್ಲಿ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಹರ್ಮೀಸಿನ ಕಥೆ. 1937ರ ಅಕ್ಟೋಬರ್ 28ರ ರಾತ್ರಿ ಅದೇ ರೈನ್‌ಮುತ್‌ನ ಫಲಕದಲ್ಲಿ ಅದರ ಗೆರೆ ಮೂಡಿತು. ಎರಡು ದಿನ ಕಳೆಯುವಷ್ಟರಲ್ಲಿ ಅದು ನಮ್ಮಿಂದ ಸುಮಾರು ಏಳು ಲಕ್ಷ ನಲವತ್ತು ಸಾವಿರ ಕಿಲೋಮೀಟರು ದೂರದಲ್ಲಿ, ಎಂದರೆ ಚಂದ್ರನ ದೂರದ ಎರಡರಷ್ಟರಲ್ಲಿ, ಹಾದುಹೋಯಿತು. ಅಷ್ಟು ಹತ್ತಿರ ಬಂದ ಗ್ರಹವನ್ನು ಮನುಷ್ಯ ಅದುವರೆಗೆ ಕಂಡಿರಲಿಲ್ಲ. ಕೆಲವೇ ದಿನಗಳ ದರ್ಶನವಾದ ಮೇಲೆ ಅದು ಎಲ್ಲಿಗೆ ಹೋಯಿತೋ ತಿಳಿಯದು. ಕಕ್ಷೆ ಖಚಿತವಾಗದ ಗ್ರಹಕ್ಕೆ ಕ್ರಮಾಂಕ ಕೊಡುವಂತಿಲ್ಲ. ಹರ್ಮೀಸ್ ಎಂಬ ಹೆಸರೇನೋ ಇತ್ತು, ಪಟ್ಟಿಯಲ್ಲಿ ಅಂಕಿ ಇರಲಿಲ್ಲ. ಊರು ಗೊತ್ತಿಲ್ಲದ ಅತಿಥಿಯ ಹೆಸರನ್ನು ಮಾತ್ರ ಬರೆದುಕೊಂಡ ಹಾಗೆ.

ಹರ್ಮೀಸ್ 1942ರ ಏಪ್ರಿಲಿನಲ್ಲಿ ಮತ್ತೊಮ್ಮೆ ಬಂದಿತ್ತು. ಈ ಸಲ ಇನ್ನೂ ಹತ್ತಿರ. ಯಾರೂ ನೋಡಲಿಲ್ಲ. ಜಗತ್ತೆಲ್ಲ ಆಗ ಯುದ್ಧದಲ್ಲಿ ಮುಳುಗಿತ್ತು. ಆಕಾಶದತ್ತ ಎತ್ತಿದ ಕಣ್ಣುಗಳು ಹುಡುಕುತ್ತಿದ್ದುದು ಬಾಂಬರು ವಿಮಾನಗಳನ್ನು. ಹೀಗೊಂದು ಭೇಟಿ ನಡೆದಿತ್ತೆಂಬುದು ತಿಳಿದದ್ದೇ ಆರು ದಶಕಗಳ ನಂತರ, ಲೆಕ್ಕವನ್ನು ಹಿಂದಕ್ಕೆ ಎಣಿಸಿದಾಗ. ಯುದ್ಧಕ್ಕೆ ಮುಂಚೆ ಕ್ಷುದ್ರಗ್ರಹಗಳ ಲೆಕ್ಕಪುಸ್ತಕ ಬರ್ಲಿನಿನ ಗಣನಾಲಯದ ಕೈಯಲ್ಲಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಆ ವ್ಯವಸ್ಥೆ ಛಿದ್ರವಾಗಿತ್ತು. 1947ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಪಾಲ್ ಹರ್ಗೆಟ್ ಹೊಸ ಕಚೇರಿಯೊಂದನ್ನು ತೆರೆದು ಜಗತ್ತಿನ ವೇಧಗಳನ್ನೆಲ್ಲ ಮತ್ತೆ ಒಂದೆಡೆ ಕೂಡಿಸತೊಡಗಿದನು. 1978ರಲ್ಲಿ ಅದು ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ಗೆ ಬಂದು ಬ್ರಯನ್ ಮಾರ್ಸ್‌ಡನ್ನನ ಉಸ್ತುವಾರಿಗೆ ಸೇರಿತು. ಗುಮಾಸ್ತೆಯ ಕೆಲಸವೆಂದು ಹಲವರಿಗೆ ಅನ್ನಿಸಿದ್ದ ಈ ಕೆಲಸವೇ ಮುಂದೆ ಇಡೀ ಕಾವಲಿಗೆ ಅಡಿಪಾಯವಾಯಿತು.

ಭಯ ನಿಧಾನವಾಗಿ ಬಂತು. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾ ನದಿಯ ಬಳಿ ಆಕಾಶದಲ್ಲಿ ಏನೋ ಸಿಡಿದು ಸುಮಾರು ಎರಡು ಸಾವಿರ ಚದರ ಕಿಲೋಮೀಟರುಗಳ ಕಾಡು ಅಂಗಾತ ಬಿದ್ದಿತ್ತು. ಅದನ್ನೊಂದು ವಿಚಿತ್ರವೆಂದು ಎಣಿಸಿದ್ದರೇ ಹೊರತು ಎಚ್ಚರಿಕೆಯೆಂದಲ್ಲ. 1949ರಲ್ಲಿ ವಾಲ್ಟರ್ ಬಾಡೆ ಪಾಲೊಮಾರ್ ಬೆಟ್ಟದಿಂದ ಕಂಡುಹಿಡಿದ ಇಕಾರಸ್ 1968ರ ಜೂನ್‌ನಲ್ಲಿ ಅರುವತ್ತನಾಲ್ಕು ಲಕ್ಷ ಕಿಲೋಮೀಟರು ದೂರದಲ್ಲಿ ಹಾದುಹೋಗುವುದೆಂದು ಲೆಕ್ಕ ಹೇಳಿತು. ಅಪಾಯವೇನೂ ಇರಲಿಲ್ಲ. ಆದರೆ ಅದು ಬಂದು ಬಡಿಯುವುದೇ ಆದರೆ ಏನು ಮಾಡುವಿರಿ ಎಂದು ಮ್ಯಾಸಚೂಸೆಟ್ಸಿನ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಸ್ಯಾಂಡಾರ್ಫ್ 1967ರಲ್ಲಿ ತನ್ನ ವಿದ್ಯಾರ್ಥಿಗಳಿಗೆ ಪ್ರಶ್ನೆ ಹಾಕಿದನು. ಚಂದ್ರಯಾನಕ್ಕೆ ಸಿದ್ಧವಾಗುತ್ತಿದ್ದ ಸ್ಯಾಟರ್ನ್ ರಾಕೆಟ್ಟುಗಳಲ್ಲಿ ಆರನ್ನು ತೆಗೆದುಕೊಂಡು ಒಂದೊಂದರಲ್ಲೂ ಪರಮಾಣು ಬಾಂಬನ್ನು ಇಟ್ಟು ಕಳುಹಿಸಬೇಕೆಂದು ಹುಡುಗರು ಉತ್ತರ ಬರೆದರು. ಬಹುಶಃ ಈ ಗ್ರಹಚಾರಕ್ಕೆ ಮನುಷ್ಯ ಕೂತು ಬರೆದ ಮೊದಲನೆಯ ಪರಿಹಾರ ಅದು.

ಅರಿಜೋನದ ದೊಡ್ಡ ಕುಳಿಯೊಂದು ಉಲ್ಕೆ ಬಡಿದೇ ಆದದ್ದೆಂದು ಸಿದ್ಧಪಡಿಸಿದ ಭೂವಿಜ್ಞಾನಿ ಯೂಜೀನ್ ಶೂಮೇಕರ್, ಎಲಿನರ್ ಹೆಲಿನ್ ಜತೆಗೂಡಿ 1973ರಲ್ಲಿ ಪಾಲೊಮಾರಿನಲ್ಲಿ ಇಂಥ ಗ್ರಹಗಳಿಗಾಗಿಯೇ ಹುಡುಕಾಟ ಆರಂಭಿಸಿದನು. 1989ರಲ್ಲಿ ಆಸ್ಕ್ಲಿಪಿಯಸ್ ಎಂಬ ಕ್ಷುದ್ರಗ್ರಹ ಭೂಮಿಯನ್ನು ದಾಟಿಹೋದ ಬಳಿಕ ಕಣ್ಣಿಗೆ ಬಿತ್ತು. ಅದು ಹರ್ಮೀಸಿನ 1937ರ ದಾಖಲೆಗಿಂತಲೂ ಹತ್ತಿರ ಹಾದುಹೋಗಿತ್ತು. 1994ರಲ್ಲಿ ಶೂಮೇಕರ್–ಲೆವಿ ಧೂಮಕೇತುವಿನ ಚೂರುಗಳು ಗುರುಗ್ರಹದ ಮೇಲೆ ಬಿದ್ದು ಭೂಮಿಯಷ್ಟು ಅಗಲದ ಕಲೆಗಳನ್ನು ಉಳಿಸಿದ್ದನ್ನು ಜಗತ್ತೇ ನೋಡಿತು. ಆಕಾಶದಲ್ಲಿ ಢಿಕ್ಕಿ ಹಳೆಯ ಕಾಲದ ಕಥೆಯಲ್ಲ ಎಂಬುದು ಆಗ ಮನದಟ್ಟಾಯಿತು. ಒಂದು ಕಿಲೋಮೀಟರಿಗಿಂತ ದೊಡ್ಡ ಭೂಸಮೀಪದ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತು ವರ್ಷಗಳಲ್ಲಿ ಪತ್ತೆ ಮಾಡಬೇಕೆಂದು 1998ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಗುರಿ ಇಟ್ಟುಕೊಂಡಿತು.

ಈ ಕಾವಲಿನ ಬಲೆಗೆ ಹರ್ಮೀಸೂ ಬಿತ್ತು. 2003ರ ಅಕ್ಟೋಬರ್ 15ರಂದು ಅರಿಜೋನದ ಲೊವೆಲ್ ವೇಧಶಾಲೆಯಲ್ಲಿ ಬ್ರಯನ್ ಸ್ಕಿಫ್ ಒಂದು ಓಡುವ ಚುಕ್ಕೆಯನ್ನು ಕಂಡನು. ಕೇಂಬ್ರಿಜ್‌ನಲ್ಲಿ ಲೆಕ್ಕ ಹಾಕಿ ನೋಡಿದರೆ ಅರುವತ್ತಾರು ವರ್ಷದ ಹಿಂದೆ ತಪ್ಪಿಸಿಕೊಂಡ ಅದೇ ಅತಿಥಿ! ಅಷ್ಟರಲ್ಲಿ ಅದು ಸೂರ್ಯನನ್ನು 31 ಸುತ್ತು ಸುತ್ತಿ ಬಂದಿತ್ತು. ರೇಡಾರ್ ಕಿರಣ ಬಿಟ್ಟು ನೋಡಿದಾಗ ಇನ್ನೊಂದು ಸೋಜಿಗ: ಹರ್ಮೀಸ್ ಒಂದಲ್ಲ, ಒಂದನ್ನೊಂದು ಸುತ್ತುವ ಹೆಚ್ಚುಕಡಮೆ ಸಮಗಾತ್ರದ ಎರಡು ಬಂಡೆಗಳು. ಅಂತೂ ಅದಕ್ಕೆ ಕ್ರಮಾಂಕ ದೊರೆಯಿತು: 69230.

ಇಷ್ಟಾದ ಮೇಲೂ ಕಳೆದುಕೊಳ್ಳುವುದು ನಿಲ್ಲಲಿಲ್ಲ. 2004ರ ಜೂನ್ 19ರಂದು ಅರಿಜೋನದ ಕಿಟ್ ಪೀಕ್‌ನಲ್ಲಿ ಕಂಡ ಒಂದು ಕ್ಷುದ್ರಗ್ರಹ ಎರಡು ರಾತ್ರಿ ಮಾತ್ರ ದೊರೆತು ಮರೆಯಾಯಿತು. ಆರು ತಿಂಗಳ ಬಳಿಕ, ಡಿಸೆಂಬರ್ 18ರಂದು, ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ ಅದು ಮತ್ತೆ ಸಿಕ್ಕಿತು. ಲೆಕ್ಕ ಹಾಕಿದವರು ಬೆಚ್ಚಿದರು: 2029ರ ಏಪ್ರಿಲ್ 13ರಂದು ಅದು ಭೂಮಿಗೆ ಬಡಿಯುವ ಸಂಭವವಿದೆ! ದಿನದಿನಕ್ಕೂ ಸಂಭವ ಏರಿ ಮೂವತ್ತೇಳರಲ್ಲಿ ಒಂದಕ್ಕೆ ಮುಟ್ಟಿತು. ಅದೇ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿ ನಮ್ಮ ತೀರಗಳನ್ನು ಬಡಿದು ಲಕ್ಷಾಂತರ ಜನರ ಪ್ರಾಣ ತೆಗೆದುಕೊಂಡಿತು. ಆ ಶೋಕದಲ್ಲಿ ಆಕಾಶದ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ.

ಹೆಚ್ಚು ನೋಡಿದಷ್ಟೂ ಅಪಾಯ ಹೆಚ್ಚುವುದೇಕೆ ಎಂದು ಓದುಗರು ಕೇಳಬಹುದು. ಹತ್ತು ಮನೆಗಳ ಸಾಲಿನಲ್ಲಿ ಯಾವುದೋ ಒಂದು ಮನೆಗೆ ತಂತಿ ಬಂದಿದೆ ಎನ್ನಿ. ಈ ಮನೆಗಲ್ಲ, ಆ ಮನೆಗಲ್ಲ ಎಂದು ಒಂದೊಂದೇ ಬಿಟ್ಟುಹೋಗುತ್ತಿದ್ದರೆ ಉಳಿದ ಮನೆಯವರ ಎದೆಬಡಿತ ಏರುತ್ತದೆ. ಕೊನೆಗೆ ತಂತಿ ಪಕ್ಕದ ಮನೆಯದೆಂದು ತಿಳಿದರೆ ಒಮ್ಮೆಲೇ ನೆಮ್ಮದಿ. ಡಿಸೆಂಬರ್ 27ರಂದು ಆದದ್ದು ಅದೇ. ಅದೇ ವರ್ಷದ ಮಾರ್ಚಿನಲ್ಲಿ ತೆಗೆದು ಇಟ್ಟಿದ್ದ ಹಳೆಯ ಚಿತ್ರಗಳಲ್ಲಿ ಯಾರೂ ಗಮನಿಸದಿದ್ದ ಅದೇ ಗ್ರಹ ಕಂಡಿತು. ದಾರಿಯ ತುಣುಕು ಉದ್ದವಾಯಿತು, 2029ರ ಭಯ ಕಳೆಯಿತು. ಆ ಗ್ರಹಕ್ಕೆ ಅಪೋಫಿಸ್ ಎಂದು ಹೆಸರಾಯಿತು. 2021ರ ರೇಡಾರ್ ವೇಧಗಳ ಪ್ರಕಾರ ಇನ್ನು ನೂರು ವರ್ಷ ಅದರ ಭಯವಿಲ್ಲ. 2029ರ ಆ ದಿನ ಅದು ಭೂಮಿಯ ಮೇಲ್ಮೈಯಿಂದ ಸುಮಾರು ಮೂವತ್ತೆರಡು ಸಾವಿರ ಕಿಲೋಮೀಟರು ಎತ್ತರದಲ್ಲಿ, ನಮ್ಮ ದೂರಸಂಪರ್ಕದ ಉಪಗ್ರಹಗಳಿಗಿಂತ ಕೆಳಗೆ, ಹಾದುಹೋಗುವುದೆಂದು ಲೆಕ್ಕ.

2008ರ ಅಕ್ಟೋಬರಿನಲ್ಲಿ ಈ ವಿದ್ಯೆಗೆ ಕಿರೀಟ ಸಿಕ್ಕಿತು. 6ರಂದು ಕಂಡ ಒಂದು ಚಿಕ್ಕ ಬಂಡೆ ಮರುದಿನವೇ ಸುಡಾನಿನ ಮರುಭೂಮಿಯ ಮೇಲೆ ಬೀಳುವುದೆಂದು ಹೇಳಿದರು, ಬಿದ್ದಿತು. ಖಾರ್ಟೂಮ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲುಗಟ್ಟಿ ನಡೆದು ಚೂರುಗಳನ್ನು ಆಯ್ದು ತಂದರು. ಆದರೆ 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಇಪ್ಪತ್ತು ಮೀಟರಿನಷ್ಟು ಬಂಡೆ ಸಿಡಿದಾಗ ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ. ಅದು ಬಂದದ್ದು ಸೂರ್ಯನ ಕಡೆಯಿಂದ. ಪಿಯಾಟ್ಸಿಯ ಗ್ರಹವನ್ನು ಮರೆಮಾಡಿದ ಅದೇ ಬೆಳಕು ಇದನ್ನೂ ಮರೆಮಾಡಿತ್ತು. ಕಿಟಕಿಯ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಅಪೋಫಿಸನ್ನು ಮತ್ತೆ ಹುಡುಕಿಕೊಟ್ಟಿದ್ದ ಸೈಡಿಂಗ್ ಸ್ಪ್ರಿಂಗ್‌ನ ಕಾವಲು ಅದೇ 2013ರಲ್ಲಿ ಹಣವಿಲ್ಲದೆ ಮುಚ್ಚಿತೆಂಬುದನ್ನು ಇಲ್ಲಿ ನೆನೆಯಬೇಕು. ದಕ್ಷಿಣದ ಆಕಾಶಕ್ಕೆ ಆ ಹೊತ್ತಿನಲ್ಲಿ ಅಂಥ ಇನ್ನೊಬ್ಬ ಕಾವಲುಗಾರನಿರಲಿಲ್ಲ. ಚಿಲಿಯಲ್ಲೂ ದಕ್ಷಿಣ ಆಫ್ರಿಕದಲ್ಲೂ ಹೊಸ ದೂರದರ್ಶಕಗಳು ನಿಂತು ಕೆಲಸಕ್ಕೆ ತೊಡಗಿದ್ದು 2022ರಲ್ಲಿ. 2024ರ ಡಿಸೆಂಬರಿನಲ್ಲಿ, 2032ರಲ್ಲಿ ಭೂಮಿಗೆ ಬಡಿಯಬಹುದೆಂದು ಕೆಲವು ವಾರ ಆತಂಕ ಹುಟ್ಟಿಸಿದ ಕ್ಷುದ್ರಗ್ರಹವನ್ನು ಮೊದಲು ಕಂಡದ್ದು ಆ ಚಿಲಿಯ ದೂರದರ್ಶಕವೇ. ಹೆಚ್ಚು ವೇಧಗಳಾದಂತೆ ಆ ಆತಂಕವೂ ಕರಗಿತು.

ಹಳೆಯ ಮದರಾಸು ವೇಧಶಾಲೆಯ ವಂಶಕ್ಕೆ ಸೇರಿದ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಈಗ ನಮ್ಮ ಬೆಂಗಳೂರಿನಲ್ಲಿದೆ. ಅದರ ಕಾವಲೂರು ವೇಧಶಾಲೆಯಿಂದ ರಾಜಮೋಹನ್ ಮತ್ತು ಸಂಗಡಿಗರು ‘ಕಲ್ಕಿ’ ಎಂಬ ಯೋಜನೆಯಲ್ಲಿ 1988ರಲ್ಲಿ ಒಂದು ಕ್ಷುದ್ರಗ್ರಹವನ್ನು ಕಂಡರು. ಪಾಗ್ಸನ್ನನ ಕಾಲದಿಂದ ಶತಮಾನದಷ್ಟು ಬಿಡುವಾದ ಮೇಲೆ ಸಿಕ್ಕಿದ ಆ ಗ್ರಹಕ್ಕೆ ರಾಮಾನುಜನ್ ಎಂದು ಹೆಸರಿಟ್ಟರು. ಕಳೆದುಹೋದ ಮೊದಲ ಕ್ಷುದ್ರಗ್ರಹವನ್ನು ಹುಡುಕಿಕೊಟ್ಟದ್ದು ಗಣಿತವೇ ಆಗಿರಲು, ಗಣಿತಜ್ಞನ ಹೆಸರು ಅದಕ್ಕೆ ಒಪ್ಪುವ ಹೆಸರೇ.

2022ರ ಸೆಪ್ಟೆಂಬರ್ 26ರಂದು ನಾಸಾ ಸಂಸ್ಥೆ ಒಂದು ನೌಕೆಯನ್ನು ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಬಡಿಸಿ ಅದರ ಸುತ್ತಿನ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ತಗ್ಗಿಸಿತು. ಗ್ರಹಚಾರವನ್ನು ಮನುಷ್ಯ ತನ್ನ ಕೈಯಿಂದ ಬದಲಿಸಿದ್ದು ಅದೇ ಮೊದಲು. ಆದರೆ ತಳ್ಳುವುದಕ್ಕೆ ವರ್ಷಗಳ ಅವಕಾಶ ಬೇಕು. ಅವಕಾಶ ಸಿಗಬೇಕಾದರೆ ಲೆಕ್ಕ ಮೊದಲೇ ಸಿದ್ಧವಿರಬೇಕು. ಒಂದು ಕಿಲೋಮೀಟರು ಮೀರಿದವುಗಳಲ್ಲಿ ಬಹುಪಾಲು ಪಟ್ಟಿಗೆ ಸೇರಿವೆ. ಒಂದು ನಗರವನ್ನು ನೆಲಸಮ ಮಾಡಬಲ್ಲ ನೂರು ನೂರೈವತ್ತು ಮೀಟರಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲವೆಂದು ಬಲ್ಲವರ ಅಂದಾಜು. ಪಂಚಾಂಗವನ್ನು ಪ್ರತಿವರ್ಷ ಹೊಸದಾಗಿ ಬರೆಯಬೇಕೆಂಬುದು ನಮಗೆ ಹೊಸ ಮಾತಲ್ಲ. ಈ ಪಂಚಾಂಗವನ್ನು ಪ್ರತಿರಾತ್ರಿ ಬರೆಯಬೇಕಾಗಿದೆ. ಯುದ್ಧವೆಂದೋ ಹಣವಿಲ್ಲವೆಂದೋ ಒಂದು ಹಾಳೆ ಖಾಲಿ ಬಿಟ್ಟರೆ ಆ ಹಾಳೆಯಲ್ಲಿ ಹರ್ಮೀಸು ಬಂದು ಹೋಗಿರುತ್ತದೆ.