ಮಾಸ್ತರರಿಗೂ ಒಬ್ಬ ಮಾಸ್ತರ: ಮಿಶನ್ ಶಾಲೆಗಳಲ್ಲಿ ಶಿಕ್ಷಕ ತರಬೇತಿ

ನಮ್ಮ ಪ್ರೌಢಶಾಲೆಯ ಐವತ್ತು ವರ್ಷಗಳ ಕಥೆಯನ್ನು ಈ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಅದಕ್ಕೂ ಹಿಂದಿನ ಒಂದು ಸಂಗತಿಯನ್ನು ಹೇಳಬೇಕೆಂದಿದ್ದೇನೆ. ನಮಗೆ ಕಲಿಸಿದ ಗುರುಗಳನ್ನು ನಾವು ನೆನೆಯುತ್ತೇವೆ, ಸನ್ಮಾನ ಮಾಡುತ್ತೇವೆ. ಆದರೆ ಆ ಗುರುಗಳಿಗೆ ಕಲಿಸುವುದನ್ನು ಕಲಿಸಿದವರು ಯಾರು? ಬಿ.ಎಡ್. ಮಾಡಿದ ಯಾರನ್ನಾದರೂ ಕೇಳಿ ನೋಡಿರಿ, ಅಭ್ಯಾಸ ಪಾಠದ ದಿನಗಳನ್ನು ಅವರು ಮರೆತಿರುವುದಿಲ್ಲ. ಕಂಕುಳಲ್ಲಿ ಸುತ್ತಿದ ನಕಾಶೆ, ಕೈಯಲ್ಲಿ ಪಾಠ ಟಿಪ್ಪಣಿ, ಎದುರಿಗೆ ನಗುವುದಕ್ಕೆ ಕಾದು ಕುಳಿತ ಹುಡುಗರು, ಹಿಂದಿನ ಬೆಂಚಿನಲ್ಲಿ ತಪ್ಪು ಬರೆದುಕೊಳ್ಳುವ ಪ್ರಾಧ್ಯಾಪಕರು. ಈ ಪದ್ಧತಿ ನಮ್ಮ ಸೀಮೆಗೆ ಬಂದ ದಾರಿಗಳಲ್ಲಿ ಒಂದು ಮುಖ್ಯ ದಾರಿ ಕ್ರೈಸ್ತ ಮಿಶನ್ ಶಾಲೆಗಳದು.

ಅದಕ್ಕೂ ಮೊದಲು ನಮ್ಮಲ್ಲಿ ಶಾಲೆಗಳೇ ಇರಲಿಲ್ಲವೆಂದಲ್ಲ. ಐಗಳ ಮಠಗಳಿದ್ದವು, ಗಾವಠಿ ಸಾಲಿಗಳಿದ್ದವು. ಗುಡಿಯ ಕಟ್ಟೆಯ ಮೇಲೋ ಯಾರದೋ ಪಡಸಾಲೆಯಲ್ಲೋ ಹುಡುಗರು ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒದರುತ್ತಿದ್ದರು. ತಪ್ಪಿದರೆ ಕೋದಂಡ ಕಾದಿರುತ್ತಿತ್ತು. ಸಾಲಿಗೆ ಮಠ ಎನ್ನುವ ರೂಢಿ ಎಷ್ಟು ಗಟ್ಟಿಯಾಗಿತ್ತೆಂದರೆ 1865ರಲ್ಲಿ ಶಿಕ್ಷಕರಿಗಾಗಿ ಹುಟ್ಟಿದ ಪತ್ರಿಕೆಗೂ ‘ಮಠಪತ್ರಿಕೆ’ ಎಂದೇ ಹೆಸರಿಟ್ಟರು. ನಮ್ಮ ಶಿಕ್ಷಕರು ಇಂದಿಗೂ ಓದುವ ‘ಜೀವನ ಶಿಕ್ಷಣ’ ಅದರದೇ ಮುಂದಿನ ರೂಪ. ಆ ಐಗಳು ವಿದ್ಯಾವಂತರಾಗಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಕಲಿಸುವುದೇ ಬೇರೊಂದು ವಿದ್ಯೆ, ಅದನ್ನು ಪ್ರತ್ಯೇಕವಾಗಿ ಕಲಿಯಬೇಕು ಎಂಬ ಕಲ್ಪನೆ ಆಗ ಇರಲಿಲ್ಲ. ತಾನು ಹೇಗೆ ಕಲಿತನೋ ಹಾಗೆಯೇ ಕಲಿಸುವುದು ವಾಡಿಕೆ. ಶಾಲೆಯ ಹಿರಿಯ ಹುಡುಗ ಕಿರಿಯರಿಗೆ ಪಾಠ ಹೇಳುತ್ತಿದ್ದನು, ಅದೇ ಅವನ ಟ್ರೇನಿಂಗ್.

ಇಲ್ಲೊಂದು ತಮಾಷೆಯ ಸಂಗತಿಯಿದೆ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಆಶ್ರಮವನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ನಮ್ಮ ದೇಶದ ಇಂಥದೊಂದು ಸಾಲಿಯಲ್ಲಿ ಮಕ್ಕಳು ಉಸುಕಿನ ಮೇಲೆ ಬರೆಯುವುದನ್ನು ನೋಡಿದನು. ತನ್ನ ಆಶ್ರಮದಲ್ಲಿಯೂ ಅದನ್ನೇ ಮಾಡಿಸಿ, ದೊಡ್ಡ ಹುಡುಗರಿಂದ ಸಣ್ಣವರಿಗೆ ಪಾಠ ಹೇಳಿಸಿದನು. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಅಲ್ಲಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು, ಮುಂದೆ ಮಿಶನರಿಗಳ ಕೈಯಲ್ಲಿ ಹೊಸ ವಿದ್ಯೆಯೆಂಬಂತೆ ಇಲ್ಲಿಗೇ ತಿರುಗಿ ಬಂದಿತು. ನಮ್ಮ ಕ್ಲಾಸಿನ ಮಾನಿಟರನ ಹಿಂದೆ ಇಷ್ಟು ದೊಡ್ಡ ಪ್ರವಾಸದ ಕಥೆಯಿದೆಯೆಂದು ಅವನಿಗೇ ಗೊತ್ತಿರಲಿಕ್ಕಿಲ್ಲ.

ನಮ್ಮ ಜಿಲ್ಲೆಗೆ ಮಿಶನ್ ಬಂದದ್ದು 1820ರಲ್ಲಿ. ಪೇಶವೆಗಳ ರಾಜ್ಯ ಮುಗಿದು ಎರಡೇ ವರ್ಷಗಳಾಗಿದ್ದವು. ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬೆಳಗಾವಿಯ ದಂಡಿನ ಊರಿನಲ್ಲಿ ಕೆಲಸ ಆರಂಭಿಸಿದರು. ಆಮೇಲೆ ಬಂದ ವಿಲಿಯಂ ಬೆನನ್ ಅಲ್ಲಿಯೇ ಹಲವು ದಶಕ ದುಡಿದರು. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಿನಲ್ಲಿ ಅವರು ಇನ್ನೂ ಉಳಿದಿದ್ದಾರೆ. 1904ರಲ್ಲಿ ಲಂಡನ್ ಮಿಶನ್ ತನ್ನ ಬೆಳಗಾವಿಯ ಕೆಲಸವನ್ನು ಅಮೇರಿಕೆಯ ಮೆಥೋಡಿಸ್ಟರಿಗೆ ಒಪ್ಪಿಸಿತು. ದಕ್ಷಿಣದ ಕಡೆ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ನೆಲೆಯೂರಿದ್ದರು. ಶಿಕ್ಷಕರ ತರಬೇತಿಯ ಮಾತಿನಲ್ಲಿ ಇವರ ಬೇರು ಬಹಳ ಆಳವಾದದ್ದು. ಆದ್ದರಿಂದ ಸ್ವಲ್ಪ ದೂರ ಹೋಗಿ ಬರೋಣ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಪಟ್ಟಣ. ಅಲ್ಲಿ 1815ರಲ್ಲಿ ಮಿಶನ್ ಸ್ಥಾಪಿಸಿದವರಲ್ಲಿ ಒಬ್ಬನಾದ ಸ್ಪಿಟ್ಲರ್ 1820ರಲ್ಲಿ ಹತ್ತಿರದ ಬೊಯ್ಗನ್ ಎಂಬ ಹಳೆಯ ಕೋಟೆಯಲ್ಲಿ ಇನ್ನೊಂದು ಸಂಸ್ಥೆಯ ಸ್ಥಾಪನೆಗೂ ಕಾರಣನಾದನು. ಅದು ಬಡಮಕ್ಕಳ ಶಾಲೆಗಳಿಗೆ ಮಾಸ್ತರರನ್ನು ತಯಾರು ಮಾಡುವ ಶಾಲೆ. ತ್ಸೆಲ್ಲರ್ ಎಂಬುವರು ಅದರ ಮುಖ್ಯಸ್ಥರು. ದಿಕ್ಕಿಲ್ಲದ ಮಕ್ಕಳು ಮತ್ತು ಮಾಸ್ತರರಾಗಲು ಬಂದ ತರುಣರು ಒಂದೇ ಮನೆಯಲ್ಲಿ ಉಂಡು, ದುಡಿದು, ಕಲಿಯುತ್ತಿದ್ದರು. 1826ರಲ್ಲಿ ಎಂಬತ್ತರ ಮುದುಕ ಪೆಸ್ಟಲಾಜಿ ಅದನ್ನು ನೋಡಲು ಹೋಗಿದ್ದರು, ಮರುವರ್ಷವೇ ತೀರಿಕೊಂಡರು. ಬಿ.ಎಡ್. ಓದಿದವರಿಗೆ ಪೆಸ್ಟಲಾಜಿಯ ಹೆಸರು ಪರೀಕ್ಷೆಯ ಪ್ರಶ್ನೆಯಾಗಿ ಪರಿಚಯ. ಮಗು ಮೊದಲು ವಸ್ತುವನ್ನು ಕಣ್ಣಿಂದ ನೋಡಲಿ, ಕೈಯಿಂದ ಮುಟ್ಟಲಿ, ಹೆಸರು ಆಮೇಲೆ ಬರಲಿ ಎಂಬುದು ಅವರ ಮತ. ಹಳೆಯ ಕನ್ನಡ ಸಾಲಿಗಳಲ್ಲಿ ‘ವಸ್ತುಪಾಠ’ವೆಂದು ನಡೆಯುತ್ತಿದ್ದುದು ಇದೇ. ಜೋಳದ ತೆನೆ ತಂದು ಹುಡುಗನ ಕೈಗೆ ಕೊಟ್ಟು ಜೋಳದ ಪಾಠ ಹೇಳುವುದು ನಮಗೆ ಇಂದು ಸಹಜವಾಗಿ ಕಾಣುತ್ತದೆ. ಉಸುಕು ಮತ್ತು ಬಾಯಿಪಾಠದ ಕಾಲದಲ್ಲಿ ಅದು ಸಹಜವಾಗಿರಲಿಲ್ಲ, ಯುರೋಪಿನಲ್ಲಿಯೂ ಆಗಿರಲಿಲ್ಲ.

ಮಂಗಳೂರಿನಲ್ಲಿ ಕಲೆಕ್ಟರ ಬ್ಲೇರ್ 1840ರಲ್ಲಿ ಕೊಟ್ಟ ಬಲ್ಮಠದ ಜಾಗದಲ್ಲಿ ಹೆರ್ಮನ್ ಮೋಗ್ಲಿಂಗ್ ಹುಡುಗರನ್ನು ಇಟ್ಟುಕೊಂಡು ಕಲಿಸತೊಡಗಿದರು. ಮುಂದೆ ಅಲ್ಲಿ ಬೆಳೆದ ಸೆಮಿನರಿಯ ಉದ್ದೇಶ ಉಪದೇಶಿಗಳನ್ನು ತಯಾರು ಮಾಡುವುದು. ಆದರೆ ಹಳ್ಳಿಯಲ್ಲಿ ಉಪದೇಶಿಯೂ ಮಾಸ್ತರನೂ ಬಹುತೇಕ ಒಬ್ಬನೇ. ಆದ್ದರಿಂದ ಬೈಬಲಿನ ಜೊತೆಗೆ ಕನ್ನಡ ಬರವಣಿಗೆ, ಲೆಕ್ಕ, ಭೂಗೋಳ, ಇತಿಹಾಸ, ಸಂಗೀತ ಎಲ್ಲವೂ ಬೇಕಾಯಿತು. 1841ರಲ್ಲಿ ಅಲ್ಲಿಯೇ ಶುರುವಾದ ಕಲ್ಲಚ್ಚಿನ ಮುದ್ರಣಾಲಯ ಇದಕ್ಕೆ ದೊಡ್ಡ ಬಲ. ಮಾಸ್ತರ ಎಷ್ಟೇ ಜಾಣನಿದ್ದರೂ ಮಗುವಿನ ಕೈಯಲ್ಲಿ ಪುಸ್ತಕವಿಲ್ಲದಿದ್ದರೆ ಬಾಯಿಪಾಠ ಬಿಟ್ಟು ಬೇರೆ ಗತಿಯಿಲ್ಲ. ಕಿಟ್ಟೆಲ್ಲರು 1894ರಲ್ಲಿ ಹೊರತಂದ ನಿಘಂಟನ್ನು ಎಲ್ಲರೂ ಹೊಗಳುತ್ತೇವೆ, ಸರಿಯೇ. ಆ ಮುದ್ರಣಾಲಯದಿಂದ ಬಂದ ಸಣ್ಣ ಸಣ್ಣ ಶಾಲಾ ಪುಸ್ತಕಗಳನ್ನು ನೆನೆಯುವವರು ಕಡಿಮೆ.

ಈ ಎಲ್ಲ ಕೆಲಸದ ಹಿಂದೆ ಮತಾಂತರದ ಗುರಿಯಿತ್ತು ಎಂಬುದನ್ನು ಮುಚ್ಚಿಡುವ ಕಾರಣವಿಲ್ಲ. ಮಿಶನರಿಗಳೂ ಮುಚ್ಚಿಡಲಿಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಗೆಳೆಯರೊಡನೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಮಗನನ್ನು ಮಿಶನ್ ಸಾಲಿಗೆ ಕಳಿಸಿದ ತಂದೆಯ ಎದೆಯಲ್ಲಿ ಆಗ ಎದ್ದ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿಚಿತ್ರವೆಂದರೆ ಅದೇ ಮಿಶನ್ ಶಾಲೆಗಳಲ್ಲಿ ಕ್ರೈಸ್ತರಲ್ಲದ ಮಾಸ್ತರರೂ ಬಹಳ ಮಂದಿ ಇದ್ದರು. ಕಲಿತ ಕ್ರೈಸ್ತರು ಬೇಕಾದಷ್ಟು ಸಿಗುತ್ತಿರಲಿಲ್ಲ. ಮತ ಬದಲಿಸದೆ ವಿದ್ಯೆಯನ್ನಷ್ಟೇ ಕಲಿತುಕೊಂಡ ಮಕ್ಕಳ ಸಂಖ್ಯೆಯೇ ಈ ಶಾಲೆಗಳಲ್ಲಿ ದೊಡ್ಡದು.

ಆದರೂ ಆ ಅಂಜಿಕೆಯ ಎದುರಿಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಮಹಾರ ಜಾತಿಯ ಒಬ್ಬ ಹುಡುಗ ಅರ್ಜಿ ಕೊಟ್ಟನು. ಮುಂಬಯಿ ಸರ್ಕಾರ ಆಗುವುದಿಲ್ಲವೆಂದಿತು. ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂಬುದು ಅದರ ವಾದ. ಮಾತು ಕಲಕತ್ತೆಗೆ ಹೋಯಿತು, ಲಂಡನ್ನಿಗೂ ಹೋಯಿತು. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರು. ಕಾಗದದಲ್ಲಿ ಬಂದದ್ದು ಶಾಲೆಯ ಹೊಸ್ತಿಲು ದಾಟಲು ಮತ್ತೆ ಹಲವು ದಶಕಗಳು ಬೇಕಾದವು. ಮುಂದೆ ಡಾ. ಅಂಬೇಡ್ಕರರು ಈ ಪ್ರಕರಣವನ್ನು ತಮ್ಮ ಬರವಣಿಗೆಯಲ್ಲಿ ಎತ್ತಿ ತೋರಿಸಿದರು. ಅಂಥ ಹುಡುಗನಿಗೆ ಆಗ ತೆರೆದಿದ್ದ ಬಾಗಿಲು ಹೆಚ್ಚುಕಡಿಮೆ ಮಿಶನ್ ಶಾಲೆಯದೊಂದೇ. ಅಲ್ಲಿಯೂ ಜಗಳ ತಪ್ಪಲಿಲ್ಲ. ಕೇರಿಯ ಮಕ್ಕಳು ಒಳಗೆ ಬಂದರೆ ಊರಿನ ಮಕ್ಕಳು ಹೊರಗೆ ಹೋಗುತ್ತಿದ್ದರು, ಎಷ್ಟೋ ಕಡೆ ಕೇರಿಯಲ್ಲಿಯೇ ಬೇರೆ ಸಾಲಿ ತೆರೆಯಬೇಕಾಯಿತು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೆಥೋಡಿಸ್ಟರು ಮಾಡಿದ್ದು ಇದನ್ನೇ. ಹಗಲು ಅಕ್ಷರ ಕಲಿಸಿ, ಸಂಜೆ ಪ್ರಾರ್ಥನೆ ನಡೆಸುವ ಮಾಸ್ತರ. ಕೇರಿಯಿಂದ ಹೋಗಿ ತರಬೇತಿ ಮುಗಿಸಿ ಕೇರಿಗೇ ಮಾಸ್ತರನಾಗಿ ಬಂದವನನ್ನು ನೋಡಿದ ಮಕ್ಕಳಿಗೆ ಏನನ್ನಿಸಿರಬೇಕು! ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತಿ ಬೆಲೆಯುಳ್ಳ ಸಂಗತಿ ಇದೇ. ಪೆಸ್ಟಲಾಜಿ, ವಸ್ತುಪಾಠ ಎಲ್ಲ ಇದರ ಮುಂದೆ ಎರಡನೆಯವು.

ಹೆಣ್ಣುಮಕ್ಕಳ ವಿಷಯಕ್ಕೆ ಪುಣೆ, ಅಹಮದನಗರದ ಕಡೆ ನೋಡಬೇಕು. ಆಗ ಅವೂ ನಾವೂ ಒಂದೇ ಮುಂಬಯಿ ಇಲಾಖೆ. ಸಾವಿತ್ರಿಬಾಯಿ ಫುಲೆಯವರು ಮನೆಯಲ್ಲಿ ಗಂಡನಿಂದ ಅಕ್ಷರ ಕಲಿತರು. ಕಲಿಸುವ ವಿದ್ಯೆಯನ್ನು ಕಲಿತದ್ದು ಅಹಮದನಗರದಲ್ಲಿ ಅಮೇರಿಕನ್ ಮಿಶನ್ನಿನ ಸಿಂಥಿಯಾ ಫ್ಯಾರರ್ ಬಾಯಿಯವರ ಹತ್ತಿರ ಮತ್ತು ಪುಣೆಯಲ್ಲಿ ಮಿಚೆಲ್ ಬಾಯಿಯವರ ನಾರ್ಮಲ್ ಶಾಲೆಯಲ್ಲಿ. ಜ್ಯೋತಿಬಾ ಓದಿದ್ದು ಸ್ಕಾಟಿಶ್ ಮಿಶನ್ ಶಾಲೆಯಲ್ಲಿ. ಇಬ್ಬರೂ ಕ್ರೈಸ್ತರಾಗಲಿಲ್ಲ, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಸಾಲಿ ತೆರೆದರು. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಕೇಳಿದ್ದು ತರಬೇತಿ ಪಡೆದ ಮಾಸ್ತರರನ್ನು, ಅದೂ ನೇಗಿಲ ಮೇಣಿಯನ್ನೋ ಬಡಿಗನ ಬಾಚಿಯನ್ನೋ ಹಿಡಿಯಲು ನಾಚದಂಥ ಮಾಸ್ತರರನ್ನು. ನಮ್ಮ ಕಡೆ ‘ಅಕ್ಕೋರು’ ಎಂದು ಊರೆಲ್ಲ ಗೌರವದಿಂದ ಕರೆಯುವ ಶಿಕ್ಷಕಿಯರ ಸಾಲು ಸಾವಿತ್ರಿಬಾಯಿಯವರಿಂದಲೇ ಎಣಿಸಬೇಕಾದದ್ದು.

ಸರ್ಕಾರದ ಕಡೆಯಿಂದ 1854ರ ವುಡ್ ಸಾಹೇಬನ ಆದೇಶಪತ್ರ ಎರಡು ಕೆಲಸ ಮಾಡಿತು. ಖಾಸಗಿ ಶಾಲೆಗಳಿಗೆ ಅನುದಾನ, ಶಿಕ್ಷಕರಿಗಾಗಿ ನಾರ್ಮಲ್ ಶಾಲೆ. ಧಾರವಾಡದಲ್ಲಿ ಟ್ರೇನಿಂಗ್ ಕಾಲೇಜು ಬೆಳೆದದ್ದು, ಡೆಪ್ಯೂಟಿ ಚನ್ನಬಸಪ್ಪನವರು ಮರಾಠಿಮಯವಾಗಿದ್ದ ಸಾಲಿಗಳನ್ನು ಕನ್ನಡಕ್ಕೆ ತಿರುಗಿಸಿದ್ದು ನಮಗೆಲ್ಲ ತಿಳಿದ ಕಥೆ. ಅನುದಾನದಿಂದ ಮಿಶನ್ ಶಾಲೆಗಳಿಗೆ ಬಲ ಬಂದಿತು, ಜೊತೆಗೆ ಒಂದು ಪೀಡೆಯೂ ಬಂದಿತು. ಇನ್ಸ್‌ಪೆಕ್ಟರ ಬಂದು ಒಬ್ಬೊಬ್ಬ ಹುಡುಗನ ಓದು, ಬರಹ, ಲೆಕ್ಕ ಪರೀಕ್ಷಿಸಿ, ಪಾಸಾದವರ ಲೆಕ್ಕದಲ್ಲಿ ಹಣ ಮಂಜೂರು ಮಾಡುತ್ತಿದ್ದನು. ವಸ್ತುಪಾಠ ಕಲಿತು ಬಂದ ಮಾಸ್ತರನೂ ಹಣದ ಆಸೆಗೆ ಮತ್ತೆ ಬಾಯಿಪಾಠಕ್ಕೇ ಇಳಿದನು. ಶೇಕಡಾ ಫಲಿತಾಂಶಕ್ಕಾಗಿ ಗೈಡು ಉರುಹಚ್ಚಿಸುವ ಇಂದಿನವರು ಅವನನ್ನು ನಗುವಂತಿಲ್ಲ.

ಮುಲ್ಕಿ ಪರೀಕ್ಷೆ ಪಾಸಾದವನು ಮಾಸ್ತರನಾಗಬಹುದಿದ್ದ ಕಾಲವೊಂದಿತ್ತು. ಟ್ರೇನಿಂಗ್ ಆದವನಿಗೆ ಪಗಾರವೂ ಹೆಚ್ಚು, ಊರಲ್ಲಿ ಮಾನವೂ ಹೆಚ್ಚು. ಗೋಕಾಕ ತಾಲೂಕಿನ ಭಾಗವಾಗಿದ್ದ ನಮ್ಮ ಮೂಡಲಗಿ ಈಗ ತಾನೇ ತಾಲೂಕು, ಇಲ್ಲಿಯೇ ಕಾಲೇಜು ಓದಿದವರು ಇಲ್ಲಿಯೇ ಶಿಕ್ಷಕರಾಗಿದ್ದಾರೆ. ಅವರಲ್ಲಿ ಮಿಶನ್ ಸಂಸ್ಥೆಗಳಲ್ಲಿ ತರಬೇತಿ ಪಡೆದವರು ಇದ್ದರೆ ತಮ್ಮ ನೆನಪುಗಳನ್ನು ಬರೆದು ಕೊಡಬೇಕು. ಹಳೆಯ ಪಾಠ ಟಿಪ್ಪಣಿ ಪುಸ್ತಕಗಳು, ಕೈಯಿಂದ ಬರೆದ ನಕಾಶೆಗಳು, ತರಬೇತಿಯ ಪ್ರಮಾಣಪತ್ರಗಳು ಯಾರ ಮನೆಯ ಟ್ರಂಕಿನಲ್ಲಿ ಉಳಿದಿದ್ದರೂ ಶಾಲೆಯ ಕಚೇರಿಗೆ ತಲುಪಿಸಿದರೆ ಮಹೋತ್ಸವದ ಪ್ರದರ್ಶನದಲ್ಲಿ ಇಟ್ಟು, ಜೋಪಾನವಾಗಿ ಹಿಂತಿರುಗಿಸಬಹುದು.