ಕದ್ದ ಕುರ್ಚಿ, ಕದ್ದ ಕೂದಲು | ಆನ್‌ಲೈನ್ ಇತಿಹಾಸ, ಭಾಗ 5

ಒಂದು ಗೇಮ್‌ನಲ್ಲಿ ನೋಡಿದ ಕತ್ತಿ ಇನ್ನೊಂದು ಆನ್‌ಲೈನ್ ಲೋಕದ ಅಂಗಡಿಯಲ್ಲಿ ಮಾರಾಟಕ್ಕಿದೆ ಅಂದ್ಕೊಳ್ಳಿ. ನಷ್ಟ ಯಾರಿಗೆ? ಗೇಮ್ ಕಂಪನಿಗೆ ಅಂತೀರಿ ಅಲ್ವಾ? ನನ್ನ ಪ್ರಕಾರ ಜಾಸ್ತಿ ಪೆಟ್ಟು ಬೀಳೋದು ಅದೇ ಸಂತೆಯಲ್ಲಿರೋ ಪಕ್ಕದ ಅಂಗಡಿಯವರಿಗೆ. ಯಾಕೆ ಅಂತ ತಿಳಿಯೋಕೆ 2003ಕ್ಕೆ ಹೋಗಬೇಕು.

ಆ ವರ್ಷ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಕಂಪನಿ 'ಸೆಕೆಂಡ್ ಲೈಫ್' ಶುರು ಮಾಡಿತು. ಅದು ಗೇಮ್ ಅನ್ನೋದಕ್ಕಿಂತ ಒಂದು ಊರು. ಗೆಲ್ಲೋದಿಲ್ಲ, ಸೋಲೋದಿಲ್ಲ. ಮನೆ, ಬಟ್ಟೆ, ಕೂದಲು, ಕುರ್ಚಿ ಎಲ್ಲವನ್ನೂ ಅಲ್ಲಿನ ಜನರೇ ಮಾಡಿ ಲಿಂಡೆನ್ ಡಾಲರ್‌ಗೆ ಮಾರ್ತಾರೆ. ಸುಮಾರು 250 ಲಿಂಡೆನ್ ಸೇರಿದ್ರೆ ಒಂದು ನಿಜವಾದ ಅಮೆರಿಕನ್ ಡಾಲರ್! ಅದೇ ನವೆಂಬರ್‌ನಲ್ಲಿ ಕಂಪನಿ ಒಂದು ದೊಡ್ಡ ಮಾತು ಕೊಟ್ಟಿತು: ನೀವು ಮಾಡಿದ್ದರ ಹಕ್ಕು ನಿಮ್ಮದೇ. ಕೆಲವರಿಗೆ ಇದು ಹೊಟ್ಟೆಪಾಡೇ ಆಯ್ತು.

2006ರ ನವೆಂಬರ್‌ನಲ್ಲಿ 'ಕಾಪಿಬಾಟ್' ಬಂತು. ಕಣ್ಣಿಗೆ ಕಂಡ ವಸ್ತುವನ್ನ ಹಾಗೇ ನಕಲು ಮಾಡೋ ಪ್ರೋಗ್ರಾಂ. ಅಂಗಡಿಯವರು ಸಿಟ್ಟಿಗೆದ್ದು ಬಾಗಿಲು ಹಾಕಿ ಪ್ರತಿಭಟಿಸಿದ್ರು. ಕಂಪನಿ ಅದರ ಬಳಕೆ ನಿಯಮಕ್ಕೆ ವಿರುದ್ಧ ಅಂತ ಸಾರಿತು, ಆದ್ರೆ ಪೂರ್ತಿ ತಡೆಯೋದು ಅದರ ಕೈಲಿರಲಿಲ್ಲ. ಕುರ್ಚಿ ನಿಮ್ಮ ಪರದೆ ಮೇಲೆ ಕಾಣಬೇಕಂದ್ರೆ ಅದರ ಡೇಟಾ ನಿಮ್ಮ ಕಂಪ್ಯೂಟರ್‌ಗೆ ಬರಲೇಬೇಕು. ತೋರಿಸಬೇಕಂದ್ರೆ ಕೊಡಲೇಬೇಕು. 2007ರಲ್ಲಿ ಇಂಥದ್ದೇ ಒಂದು ನಕಲಿ ಮಂಚದ ಜಗಳ ಫ್ಲೋರಿಡಾದ ಕೋರ್ಟಿಗೂ ಹೋಯ್ತು. ಅವತಾರದ ಹಿಂದಿರೋ ಮನುಷ್ಯ ಯಾರು ಅಂತ ಹುಡುಕೋದೇ ಅಲ್ಲಿ ಮೊದಲ ಕೆಲಸ.

ಇಲ್ಲಿವರೆಗೆ ಕಳ್ಳತನ ಊರೊಳಗಿನದು. ಹೊರಗಿನ ಮಾಲು ಸಲೀಸಾಗಿ ಒಳಗೆ ಬರೋ ಹಾಗಾಗಿದ್ದು 2011ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಹೆಚ್ಚಾಗಿ ಡಬ್ಬ, ಗೋಳ, ಸಿಲಿಂಡರ್ ಜೋಡಿಸಿ ವಸ್ತು ಕಟ್ಟುತ್ತಿದ್ರು. ಈಗ ಬ್ಲೆಂಡರ್, ಮಾಯಾದಲ್ಲಿ ಮಾಡಿದ ಮೆಶ್ ಮಾಡೆಲನ್ನೇ ಅಪ್‌ಲೋಡ್ ಮಾಡಬಹುದು. ಅದಕ್ಕೂ ಮೊದಲು ಹಣ ಪಾವತಿಯ ವಿವರ ಕೊಟ್ಟು, ಕೃತಿಸ್ವಾಮ್ಯದ ಬಗ್ಗೆ ಒಂದು ಸಣ್ಣ ಕ್ವಿಜ್ ಪಾಸಾಗಬೇಕು. (ಕ್ವಿಜ್ ಪಾಸಾದವರೆಲ್ಲ ಸಾಚಾ ಆಗೋದಾದ್ರೆ ನಮ್ಮ ಕ್ಲಾಸೇ ಸ್ವರ್ಗ ಆಗಿರ್ತಿತ್ತು.)

ಇನ್ನು ಗೇಮ್‌ನಿಂದ ಕದಿಯೋದು ಹೇಗೆ? ಗೇಮ್ ಪ್ರತಿ ವಸ್ತುವನ್ನೂ ತ್ರಿಕೋನಗಳಾಗಿ ಗ್ರಾಫಿಕ್ಸ್ ಕಾರ್ಡ್‌ಗೆ ಕಳಿಸುತ್ತೆ. 'ರಿಪ್ಪರ್' ಅನ್ನೋ ಟೂಲ್ ಆ ದಾರಿ ಮಧ್ಯೆ ಕೂತು ಅದನ್ನ ಫೈಲಿಗೆ ಇಳಿಸ್ಕೊಳ್ಳುತ್ತೆ. ಹೀಗೆ ಹಿಡಿದ ಪಾತ್ರಗಳು ಸಾಮಾನ್ಯವಾಗಿ ಒಂದೇ ಭಂಗಿಯಲ್ಲಿ ಮೂಳೆಯಿಲ್ಲದೆ ಮರಗಟ್ಟಿರ್ತವೆ. ಕುರ್ಚಿ, ಕತ್ತಿಗೆ ಆ ತಾಪತ್ರಯ ಇಲ್ಲ.

ನನಗೆ ಹೊಟ್ಟೆ ಉರಿಯೋದು ಮುಂದಿನ ವಿಷಯಕ್ಕೆ. ಸೆಕೆಂಡ್ ಲೈಫ್‌ನಲ್ಲಿ ಪ್ರತಿ ಜಾಗಕ್ಕೂ ಇಷ್ಟೇ ಭಾರ ಅಂತ ಮಿತಿ ಇದೆ. ಗೇಮ್ ಸ್ಟುಡಿಯೋದ ನುರಿತ ಕಲಾವಿದರು ಮಾಡಿದ ಮಾಡೆಲ್ ಚೆನ್ನಾಗೂ ಕಾಣುತ್ತೆ, ಹಗುರವಾಗೂ ಇರುತ್ತೆ. ಕದ್ದವನಿಗೆ ಮಾಡೋ ಖರ್ಚೇ ಇಲ್ಲ, ಹಾಗಾಗಿ ಅಗ್ಗಕ್ಕೆ ಕೊಡ್ತಾನೆ. ಪಕ್ಕದ ಅಂಗಡಿಯಲ್ಲಿ ವಾರಗಟ್ಟಲೆ ಕೂತು ಒಂದು ಕುರ್ಚಿ ಮಾಡಿದವರು ಬೆಲೆಯಲ್ಲೂ ಸೋಲ್ತಾರೆ, ಅಂದದಲ್ಲೂ ಸೋಲ್ತಾರೆ.

ದೂರು ಕೊಡಬಹುದಲ್ವಾ? ಅಮೆರಿಕದ 1998ರ ಡಿಎಂಸಿಎ ಕಾನೂನಿನ ಪ್ರಕಾರ ಅಂಥ ನೋಟಿಸ್ ಕೊಡೋಕಾಗೋದು ಹಕ್ಕುದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ. ಪಕ್ಕದವರಿಗೆ ಅದು ಯಾವ ಗೇಮ್‌ನದ್ದು ಅಂತ ಗೊತ್ತಿದ್ರೂ ಮಾಲೀಕರು ಅವರಲ್ಲ. ಮಾಲೀಕ ಕಂಪನಿಗೆ ಪತ್ರ ಬರೆದು ಕಾಯಬಹುದು, ಅಷ್ಟೇ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗೆ ನೂರು ಲಿಂಡೆನ್ ಕುರ್ಚಿ ಯಾವ ಲೆಕ್ಕ? ನೋಟಿಸ್ ಬಂದು ಮಾಲು ಇಳಿದ್ರೂ ಕಳ್ಳ ಇನ್ನೊಂದು ಹೆಸರಲ್ಲಿ ಖಾತೆ ತೆಗೀಬಹುದು.

ನಿಮ್ಮಲ್ಲಿ ಬ್ಲೆಂಡರ್ ಕಲೀತಿರೋರು ಇದ್ರೆ ಒಂದು ಕೆಲಸ ಮಾಡಿ. ಅರ್ಧಂಬರ್ಧ ಫೈಲ್‌ಗಳನ್ನ ಅಳಿಸಬೇಡಿ, ತಾರೀಖಿನ ಸಮೇತ ಇಟ್ಕೊಳ್ಳಿ. ನಾಳೆ ನಿಮ್ಮ ಕುರ್ಚಿ ಯಾರದೋ ಅಂಗಡಿಯಲ್ಲಿ ಕಂಡ್ರೆ, ಅದು ನಿಮ್ಮದು ಅನ್ನೋಕೆ ಆ ಫೈಲ್‌ಗಳೇ ಸಾಕ್ಷಿ.